ಕೊನೆಯ ಪೀರಿಯಡ್ಡು, ಸಮಾಜ

ಮೂರೂ ಇಪ್ಪತ್ತಕ್ಕೆ ಗಣಿತದ ಸರ್ವೋತ್ತಮ ಮಾಸ್ಟ್ರು
ಬಾಗಿಲಲ್ಲಿ ಅರ್ಧ ಒಳಗೆ, ಅರ್ಧ ಹೊರಗೆ ನಿಂತು ಕೇಳುತ್ತಾರೆ:
"ಟೀಚರ್, ನಿಮ್ಮದು ಹೇಗೂ ಓದಿಕೊಂಡ್ರೆ ಬರ್ತದಲ್ಲ,
ಇವತ್ತೊಂದು ದಿನ ಕೊಡಿ, ತ್ರಿಕೋನಮಿತಿ ಬಾಕಿ ಉಂಟು."

ಸೋಮವಾರ ಕೊಟ್ಟೆ. ಬುಧವಾರ ಕೊಟ್ಟೆ.
ಇವತ್ತು ಇಲ್ಲ ಅಂದೆ. ಯಾಕೆ ಅಂದೆನೋ.

ಬೆಂಗ್ರೆಯ ಶಾಲೆ. ಒಂದು ಕಿಟಕಿಗೆ ನದಿ, ಇನ್ನೊಂದಕ್ಕೆ ಕಡಲು,
ನಡುವೆ ಮೂವತ್ತೊಂದು ಮಕ್ಕಳು, ನಾನು,
ಮತ್ತು ಮೇಲಿನಿಂದ ಬಂದ ಪಾಸಿಂಗ್ ಪ್ಯಾಕೇಜು:
ಹದಿನೆಂಟು ಪ್ರಶ್ನೆ, ಹದಿನೆಂಟು ಉತ್ತರ.
ಇಷ್ಟು ಉರು ಹೊಡೆದರೆ ಮೂವತ್ತೈದು ದಾಟಬಹುದು,
ಕಣ್ಣು ಮುಚ್ಚಿ ಹೊಳೆ ದಾಟಿದ ಹಾಗೆ.

ನಾನು ದಿನಾ ಬಂದರಿನಿಂದ ಫೆರಿಯಲ್ಲಿ ಬರುವವಳು.
ಮೀನಿನ ಬುಟ್ಟಿ, ಸ್ಕೂಟರು, ಗ್ಯಾಸಿನ ಸಿಲಿಂಡರು,
ಇಳಿಯುವಷ್ಟರಲ್ಲಿ ತುಳು, ಬ್ಯಾರಿ, ಕೊಂಕಣಿ,
ಈಚೆಗೆ ಬೋಟಿನ ಹುಡುಗರ ಒಡಿಯಾ.
ಅದನ್ನೆಲ್ಲ ದಕ್ಕೆಯಲ್ಲೇ ಬಿಟ್ಟು, ಚಪ್ಪಲಿಯ ಹೊಯಿಗೆ ಕೊಡವಿ,
ಬೋರ್ಡಿನಲ್ಲಿ ಬರೆಯುತ್ತೇನೆ:
ವಿವಿಧತೆ ಎಂದರೇನು? ಎರಡು ಅಂಕ.

ಈ ವರ್ಷ ಪುಸ್ತಕ ತಡ. ಪುಸ್ತಕದ ಬೆನ್ನಿಗೇ ಸುತ್ತೋಲೆ:
ಇಂತಿಂಥ ಪುಟಗಳನ್ನು ಇಲ್ಲವೆಂದು ಓದಿಕೊಳ್ಳತಕ್ಕದ್ದು.
ಇಲ್ಲವೆಂದು ಓದುವುದು ಹೇಗೆ ಅಂತ ಮಕ್ಕಳು ಕೇಳಲಿಲ್ಲ.
ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದರು,
ಆಮೇಲೆ ಮೊದಲು ಓದಿದ್ದೇ ಆ ಪುಟಗಳನ್ನು.

ಹಿಂದಿನ ಬೆಂಚಿನಲ್ಲಿ ಲತೀಶ ಮತ್ತು ರಾಝಿಕ್,
ಇಬ್ಬರಿಗೂ ಸೇರಿ ಒಂದು ಜಾಮಿಟ್ರಿ ಬಾಕ್ಸು.
ಪೇಟೆಯಲ್ಲಿ ಏನೋ ಆಯಿತು. ಎರಡು ದಿನ ರಜೆ.
ಮೂರನೆಯ ದಿನ ಬಂದಾಗ ಇಬ್ಬರ ನಡುವೆ
ಇನ್ನೊಬ್ಬ ಕೂರುವಷ್ಟು ಜಾಗ.
ಯಾರೂ ಕಲಿಸಿದ ಪಾಠವಲ್ಲ ಅದು;
ಅಥವಾ ಯಾರೋ ನನಗಿಂತ ಚೆನ್ನಾಗಿ ಕಲಿಸಿದ್ದು.
ಸಾಮರಸ್ಯದ ಪ್ರಶ್ನೆಗೆ ಇಬ್ಬರಿಗೂ ಪೂರ್ತಿ ಅಂಕ.
ಅಕ್ಷರಕ್ಕೆ ಅಕ್ಷರ ಒಂದೇ ಉತ್ತರ.

ಆ ಜಾಗದ ಬಗ್ಗೆ ಒಂದು ಮಾತು ಆಡಬೇಕಿತ್ತು.
ಆಡಿದರೆ ಯಾರ ಮನೆಯಲ್ಲಿ ಏನಾಗಿ ಕೇಳೀತೋ,
ಯಾರ ಮೊಬೈಲಿನಲ್ಲಿ ಎಲ್ಲಿಗೆ ಹೋದೀತೋ.
ನಿವೃತ್ತಿಗೆ ಎರಡೂವರೆ ವರ್ಷ.

ಹಾಗಾಗಿ ನಕಾಶೆ. ನಕಾಶೆ ಕ್ಷೇಮ.
ಬಟ್ಟೆಯ ಭಾರತವನ್ನು ಮೊಳೆಗೆ ತೂಗಿಸಿದೆ,
ಪಡುವಣ ಕರಾವಳಿಯುದ್ದಕ್ಕೂ ಬೂಷ್ಟು.
ಅಚ್ಚಿನ ಹಾಳೆ ಹಂಚಿ, "ಮಂಗಳೂರು ಬಂದರು ಗುರುತಿಸಿ" ಅಂದೆ.
ಮೂವತ್ತು ಚುಕ್ಕೆ ದಡದಲ್ಲಿ.
ಶಮಿತಾ ಮೆಂಡನ್‌ಳದು ಮಾತ್ರ ಕಡಲಿನಲ್ಲಿ.

"ಎಂತ ಮಾರಾಯ್ತಿ, ಬಂದರು ನೀರಿನೊಳಗಾ?"
"ಬಂದರಲ್ಲ ಟೀಚರ್, ನಮ್ಮ ಮೊದಲಿನ ಮನೆ.
ಇಲ್ಲಿ ಬಾವಿ ಇತ್ತು. ಇಲ್ಲಿ ದೊಡ್ಡಮ್ಮ ಮೀನು ಒಣಗಿಸುದು.
ಕಲ್ಲು ತಂದು ಹಾಕಿದ್ರು, ಕಲ್ಲೂ ಹೋಯ್ತು."

ಆ ಅಳತೆಯ ನಕಾಶೆಯಲ್ಲಿ ಒಂದು ಚುಕ್ಕೆಯೆಂದರೆ ಅರ್ಧ ತಾಲೂಕು.
ಅದರೊಳಗೆ ಅವಳು ಬಾವಿ ತೋಡುತ್ತಿದ್ದಳು.

"ಅಲ್ಲ, ನಿಮ್ಮ ಮನೆ ಇನ್ನೂ ತೆಂಕಕ್ಕೆ," ಹಿಂದಿನಿಂದ ರಾಝಿಕ್.
"ನಿಂಗೆಂತ ಗೊತ್ತು? ಪಳ್ಳಿಯ ಹತ್ರ ಇದ್ದದ್ದು ಗಾಳಿಮರ," ಲತೀಶ.
"ಗಾಳಿಮರ ಬಿದ್ದದ್ದು ಆಮೇಲೆ."
"ಮೊದಲು."
ತಿಂಗಳ ನಂತರ ಅವರಾಡಿದ ಮೊದಲ ಮಾತು, ಜಗಳ.
ಯಾರೋ ನೆಲದ ಮೇಲೆ ಚಾಕ್‌ಪೀಸಿನಿಂದ ಬೆಂಗ್ರೆ ಬರೆದರು:
ದಕ್ಕೆ, ಐಸ್ ಪ್ಲಾಂಟು, ಬಾರದ ನೀರಿನ ನಳ್ಳಿ,
ಯಾರ ಮನೆಯ ಅಂಗಳದಿಂದ ಯಾರು ಹಾಯಬಾರದು ಎಂಬುದೂ.
ನಾನು ಸುಮ್ಮನೆ ಕಾಲು ಎತ್ತಿ, ಮೆಟ್ಟದ ಹಾಗೆ ನಿಂತೆ.

ಗಂಟೆ. ಲತೀಶ, ರಾಝಿಕ್ ಮತ್ತೆ ಬೆಂಚಿಗೆ,
ನಡುವಿನ ಜಾಗ ಇದ್ದ ಹಾಗೇ ಉಂಟು.

ಹಾಳೆ ತಿದ್ದಬೇಕು. ಕೀ ಉತ್ತರದ ಪ್ರಕಾರ
ಚುಕ್ಕೆ ದಡ ಬಿಟ್ಟರೆ ಅಂಕವಿಲ್ಲ.
ಕೆಂಪು ಪೆನ್ನಿನಲ್ಲಿ ಸೊನ್ನೆ ಹಾಕಿದೆ,
ಪಕ್ಕದಲ್ಲಿ ಅಲ್ಲ, ಚುಕ್ಕೆಯ ಸುತ್ತ.
ಬಾವಿಗೆ ಕಟ್ಟೆ ಕಟ್ಟಿದ ಹಾಗೆ ಕಂಡಿತು.

ನಾಳೆ ಶುಕ್ರವಾರ.
ಸರ್ವೋತ್ತಮ ಮಾಸ್ಟ್ರಿಗೆ ಮಾತು ಕೊಟ್ಟಾಗಿದೆ.